ನವೆಂಬರ್‌ನಲ್ಲಿ ಮಳೆ ಬಂದ ವರ್ಷ: ಯಮಾಲ್‌ನ ಒಂದು ಗುಡಾರದ ಚಳಿಗಾಲ

ಆರ್ಕ್‌ಟಿಕ್ ಚಳಿ ಅಂದರೆ ನಮಗೆಲ್ಲ ಮೊದಲು ತಲೆಗೆ ಬರುವುದು ಥರ್ಮಾಮೀಟರ್. ಮೈನಸ್ ಮೂವತ್ತು, ಮೈನಸ್ ನಲವತ್ತು. ಹಿಮಸಾರಂಗ ಸಾಕುವ ಮನೆಯವರಿಗೆ ಅದೇನೂ ದೊಡ್ಡ ಸುದ್ದಿಯಲ್ಲ. ಗಾಳಿ ಇಲ್ಲದೆ, ಹಿಮ ಹಿಟ್ಟಿನ ಹಾಗೆ ಒಣಗಿ ಬಿದ್ದಿದ್ದರೆ ಮೈನಸ್ ನಲವತ್ತೂ ಒಳ್ಳೆಯ ದಿನವೇ. ಅವರು ಹೆದರುವುದು ಸೊನ್ನೆಗೆ. ಚಳಿಗಾಲದಲ್ಲಿ ಗಾಳಿ ಬೆಚ್ಚಗಾಗಿ, ಬಿದ್ದ ಹಿಮದ ಮೇಲೆ ಮಳೆ ಸುರಿದರೆ ಆ ವರ್ಷ ಕೆಟ್ಟಿತು ಅಂತಲೇ ಲೆಕ್ಕ.

2013ರ ನವೆಂಬರ್ 8 ಮತ್ತು 9ರಂದು ರಷ್ಯಾದ ಉತ್ತರ ತುದಿಯ ಯಮಾಲ್ ಪರ್ಯಾಯ ದ್ವೀಪದಲ್ಲಿ ಹೀಗೇ ಆಯಿತು. ದಕ್ಷಿಣ ಯಮಾಲ್‌ನಲ್ಲಿ ಸುಮಾರು 24 ಗಂಟೆ ಮಳೆ ಹೊಡೆಯಿತು. ಆಮೇಲೆ ಚಳಿ ಮೈನಸ್ 40ಕ್ಕಿಂತಲೂ ಕೆಳಗಿಳಿಯಿತು. ನೆನೆದ ಹಿಮ ಹಾಗೇ ಗಡ್ಡೆ ಕಟ್ಟಿತು. ಆ ಗಡ್ಡೆ ವಸಂತದ ತನಕ ಬಿಡಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ 61,000 ಹಿಮಸಾರಂಗ ಹಸಿದು ಸತ್ತಿದ್ದವು. ಇದ್ದದ್ದು 2,75,000. ನೂರಕ್ಕೆ 22 ಹೋದ ಹಾಗಾಯಿತು. ಆ ಸೀಮೆಯಲ್ಲಿ ದಾಖಲಾದ ಸಾವುಗಳಲ್ಲಿ ಅದೇ ದೊಡ್ಡದು.

ಈ ಅಂಕಿ ಎಲ್ಲ ಕಡೆ ಬಂತು. ಆದರೆ ಅದು ಸತ್ತ ಪ್ರಾಣಿಗಳ ಲೆಕ್ಕ. ಗುಡಾರ ನಡೆಸುವ ಹೆಂಗಸಿನ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯೇ ಆಗುತ್ತದೆ. ನಾನು ಬರೆಯಲು ಕೂತಿದ್ದು ಅದನ್ನು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಹೆಂಗಸು ಇಂಥವಳೇ ಅಂತ ತೋರಿಸಬಹುದಾದ ಒಬ್ಬಳಲ್ಲ. ಯಮಾಲ್‌ನಲ್ಲಿ ಸ್ವಂತ ಹಿಂಡು ಇಟ್ಟುಕೊಂಡ ಮನೆಗಳ ಬದುಕನ್ನು ಒಂದೇ ಗುಡಾರದೊಳಗೆ ಕೂಡಿಸಿದ್ದೇನೆ. ಮಳೆ, ತಾರೀಕು, ಸಾವಿನ ಸಂಖ್ಯೆ, ಕೆಲಸದ ರೀತಿ ಎಲ್ಲ ನಿಜ. ಅವಳ ಮನೆಯ ಹಿಂಡಿನ ಲೆಕ್ಕ, ಮಕ್ಕಳ ಲೆಕ್ಕ ಮಾತ್ರ ನಾನು ಇಟ್ಟುಕೊಂಡದ್ದು.

ಗುಡಾರ ಯಾರದು

ಯಮಾಲ್‌ನ ಜನ ನೆನೆತ್ಸ್. ಅವರ ಭಾಷೆಯಲ್ಲಿ 'ಯ' ಅಂದರೆ ನೆಲ, 'ಮಾಲ್' ಅಂದರೆ ಕೊನೆ. ಯಮಾಲ್ ಅಂದರೆ ನೆಲದ ಕೊನೆ. ನಕ್ಷೆ ನೋಡಿದರೆ ಹೆಸರು ಸರಿಯಾಗೇ ಇಟ್ಟಿದ್ದಾರೆ ಅನ್ನಿಸುತ್ತದೆ. ಇಲ್ಲಿ ಸಾವಿರಾರು ಜನ ಇವತ್ತಿಗೂ ವರ್ಷವಿಡೀ ಹಿಂಡಿನ ಜೊತೆ ಅಲೆಯುತ್ತಾರೆ. ಬೇಸಿಗೆಗೆ ಉತ್ತರದ ಬಯಲು ತುಂಡ್ರಾ. ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿದು, ಗಿಡಮರ ಶುರುವಾಗುವ ಅಂಚು. ಅಲ್ಲಿ ಉರಿಸಲು ಸೌದೆ ಸಿಗುತ್ತದೆ, ಗಾಳಿಗೆ ಸ್ವಲ್ಪ ಮರೆ ಇರುತ್ತದೆ, ಹಿಮದ ಕೆಳಗೆ ಹಿಮಸಾರಂಗದ ಮೇವು ಇರುತ್ತದೆ. ಹಲವು ಮನೆಗಳು ಚಳಿಗಾಲದ ಆರಂಭದಲ್ಲಿ ಹೆಪ್ಪುಗಟ್ಟಿದ ಓಬ್ ಕೊಲ್ಲಿಯನ್ನೇ ದಾಟಿ ಆಚೆ ದಡಕ್ಕೆ ಹೋಗುತ್ತವೆ. ವಸಂತದಲ್ಲಿ ಗಡ್ಡೆ ಒಡೆಯುವ ಮೊದಲು ಮತ್ತೆ ಈಚೆಗೆ.

ಗುಡಾರಕ್ಕೆ ರಷ್ಯನ್‌ನಲ್ಲಿ ಚುಮ್ ಅನ್ನುತ್ತಾರೆ. ಉದ್ದುದ್ದ ಗಳಗಳನ್ನು ಕೋನಿನ ಹಾಗೆ ನಿಲ್ಲಿಸಿ, ಮೇಲೆ ಹಿಮಸಾರಂಗದ ಚರ್ಮ ಹೊಲಿದ ಹೊದಿಕೆ ಎಳೆಯುತ್ತಾರೆ. ಚಳಿಗಾಲಕ್ಕೆ ಎರಡು ಪದರ. ಒಳಗೆ ನಟ್ಟನಡುವೆ ಕಬ್ಬಿಣದ ಒಲೆ. ಒಲೆಯ ಎರಡೂ ಬದಿಗೆ ಹಲಗೆ, ಚಾಪೆ, ಅದರ ಮೇಲೆ ತುಪ್ಪಟದ ಹಾಸು. ಗಳ ನೆಡುವುದು, ಹೊದಿಕೆ ಎಳೆಯುವುದು, ಬಿಚ್ಚುವುದು, ಹಿಮದ ಮೇಲೆ ಜಾರುವ ಚಕ್ರವಿಲ್ಲದ ಬಂಡಿಗೆ ಕಟ್ಟುವುದು ಎಲ್ಲದರ ಯಜಮಾನಿಕೆ ಹೆಂಗಸಿನದು. ಮದುವೆಯಾಗಿ ಬರುವಾಗ ಹುಡುಗಿ ಹೊದಿಕೆ, ಬಂಡಿ, ತನ್ನ ಪಾಲಿನ ಹಿಮಸಾರಂಗ ತರುವ ಪದ್ಧತಿಯೂ ಇದೆ. ಹಾಗಾಗಿ ಹಿಂಡಿನಲ್ಲಿ ಅವಳವೂ ಇರುತ್ತವೆ. ಕಿವಿಯ ಗುರುತು ನೋಡಿದರೆ ಯಾರದು ಅಂತ ತಿಳಿಯುತ್ತದೆ.

ಗಂಡಸು ಹಿಂಡು ಕಾಯುತ್ತಾನೆ, ಹೆಂಗಸು ಮನೆ ನೋಡಿಕೊಳ್ಳುತ್ತಾಳೆ ಅಂತ ಬರೆದು ಮುಗಿಸುವವರಿದ್ದಾರೆ. ಅಷ್ಟು ಸಲೀಸಾಗಿಲ್ಲ ಅದು. ಊರು ಬದಲಾಯಿಸುವ ದಿನ ಹಿಂಡನ್ನು ಬಂಡಿಗಳ ಸುತ್ತು ಬೇಲಿಯೊಳಗೆ ತಂದು, ಬಂಡಿಗೆ ಕಟ್ಟುವ ಪ್ರಾಣಿಗಳನ್ನು ಹಿಡಿಯಬೇಕು. ಆಗ ಹಗ್ಗ ಹಿಡಿದು ನಿಲ್ಲುವವರು ಹೆಂಗಸರು, ಮಕ್ಕಳು. ಸಾಲು ಹೊರಟ ಮೇಲೆ ಅವಳು ತನ್ನ ಬಂಡಿಯಲ್ಲಿ ಕೂತು, ಹಿಂದೆ ಒಂದಕ್ಕೊಂದು ಕಟ್ಟಿದ ಐದಾರು ಬಂಡಿಗಳನ್ನು ಎಳೆಸಿಕೊಂಡು ಹೋಗುತ್ತಾಳೆ. ಈ ಸಾಲಿಗೆ ಅರ್ಗಿಷ್ ಅಂತ ಹೆಸರು. ತಾಯಿ ಸತ್ತ ಮರಿಗಳನ್ನು ಗುಡಾರದ ಹತ್ತಿರ ಸಾಕುವುದೂ ಹೆಚ್ಚಾಗಿ ಅವಳೇ. ಅಂಥ ಮರಿಗೆ 'ಅವ್ಕಾ' ಅನ್ನುತ್ತಾರೆ. ದೊಡ್ಡದಾದ ಮೇಲೂ ಅದು ಬಾಗಿಲ ಹತ್ತಿರ ಬಂದು ಬ್ರೆಡ್ ಕೇಳುತ್ತದೆ. ಮೀನು ಕೊಟ್ಟರೆ ಮೀನೂ ತಿನ್ನುತ್ತದೆ. ಮನೆಯ ಹಸುವಿಗೂ ನಾಯಿಗೂ ನಡುವಿನ ಒಂದು ಜೀವ ಅಂದುಕೊಳ್ಳಿ.

ಕಟ್ಟುಪಾಡುಗಳೂ ಕಡಿಮೆ ಇಲ್ಲ. ಹೆಂಗಸು ಗಂಡಸಿನ ಕುಣಿಕೆ ಹಗ್ಗ ದಾಟಬಾರದು, ಅವನ ಸಾಮಾನಿನ ಮೇಲೆ ಕಾಲಿಡಬಾರದು. ಮೈಲಿಗೆಯಾದರೆ ಹೊಗೆ ಹಾಕಿ ಶುದ್ಧ ಮಾಡಬೇಕು. ನಮಗೆ ಹೊಸದೇನಲ್ಲ ಇಂಥದ್ದು, ಅಲ್ವಾ? ಆದರೆ ಅದೇ ಹೆಂಗಸು ಇಲ್ಲದೆ ಒಂದು ರಾತ್ರಿಯೂ ಗುಡಾರ ನಡೆಯುವುದಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತು. ಸೋವಿಯತ್ ಸರ್ಕಾರಕ್ಕೂ ಗೊತ್ತಿತ್ತು. ಸರ್ಕಾರಿ ಹಿಂಡುಗಳ ಸಂಬಳದ ಪಟ್ಟಿಯಲ್ಲಿ ಅವಳ ಕೆಲಸಕ್ಕೆ ಒಂದು ಹುದ್ದೆಯೇ ಇತ್ತು: 'ಚುಮ್‌ರಾಬೋತ್ನಿತ್ಸಾ'. ಗುಡಾರದ ಕೆಲಸಗಾರ್ತಿ ಅಂತ. ಸ್ವಂತ ಹಿಂಡಿನ ಮನೆಯ ಹೆಂಗಸಿಗೆ ಇಂಥ ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ. ನಮ್ಮ ಹೆಂಗಸು ಈ ಎರಡನೇ ಗುಂಪಿನವಳು.

ಅವಳ ಮನೆಯ ಹಿಂಡು ಸುಮಾರು ಇನ್ನೂರು. ಗಂಡ, ಅತ್ತೆ, ನಾಲ್ಕು ವರ್ಷದ ಮಗಳು ಜೊತೆಗಿದ್ದಾರೆ. ದೊಡ್ಡ ಮಕ್ಕಳಿಬ್ಬರು ಇಲ್ಲ. ಏಳು ವರ್ಷ ತುಂಬಿದ ಮಕ್ಕಳನ್ನು ಬೇಸಿಗೆ ಕೊನೆಯಲ್ಲಿ ಹೆಲಿಕಾಪ್ಟರ್ ಬಂದು ವಸತಿ ಶಾಲೆಗೆ ಕರೆದುಕೊಂಡು ಹೋಗುತ್ತದೆ. ಚಳಿಗಾಲವೆಲ್ಲ ಅವರು ಹಳ್ಳಿಯ ಹಾಸ್ಟೆಲ್‌ನಲ್ಲಿ.

ಎಂದಿನ ಬೆಳಗು

ಮಳೆ ಏನು ಕೆಡಿಸಿತು ಅಂತ ತಿಳಿಯಬೇಕಾದರೆ ಕೆಡದ ದಿನ ಹೇಗಿರುತ್ತದೆ ಅಂತ ನೋಡಬೇಕು.

ಮೊದಲು ಏಳುವವಳು ಅವಳು. ರಾತ್ರಿ ಒಲೆ ಆರಿರುತ್ತದೆ. ಒಲೆ ಆರಿದ ಗುಡಾರದೊಳಗೆ ಹೊರಗಿನದ್ದೇ ಚಳಿ. ಉಸಿರು ಹೊದಿಕೆಯ ಅಂಚಿನಲ್ಲಿ ಬಿಳಿ ಪುಡಿಯಾಗಿ ಕೂತಿರುತ್ತದೆ. ಸೌದೆ ಹಚ್ಚಿ, ಮಂಜುಗಡ್ಡೆಯ ತುಂಡು ಪಾತ್ರೆಗೆ ಹಾಕಿ ಟೀಗೆ ಇಡುತ್ತಾಳೆ. ನೀರಿಗೆ ಹಿಮಕ್ಕಿಂತ ಗಡ್ಡೆಯೇ ಒಳ್ಳೆಯದು. ಹಿಮ ಒಂದು ಪಾತ್ರೆ ತುಂಬಿದರೂ ಕರಗಿದಾಗ ತಳದಲ್ಲಿ ಒಂದಿಷ್ಟೇ ಸಿಗುತ್ತದೆ, ಸೌದೆ ದಂಡ. ಟೀ ಜೊತೆ ಬ್ರೆಡ್, ಹೆಪ್ಪುಗಟ್ಟಿದ ಮೀನನ್ನು ಹಸಿಯಾಗಿ ತೆಳ್ಳಗೆ ಸೀಳಿದ್ದು, ಇಲ್ಲವೇ ಬೇಯಿಸಿದ ಮಾಂಸ. ತರಕಾರಿ ಇಲ್ಲದ ನಾಡಿನಲ್ಲಿ ಹಸಿ ಮಾಂಸ, ಬಿಸಿ ರಕ್ತವೇ ವಿಟಮಿನ್.

ಒಂದು ಸಣ್ಣ ಕೆಲಸವಿದೆ. ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ. ಹೊರಗಿನಿಂದ ಬಂದವರೆಲ್ಲ ಗುಡಾರದ ಬಾಗಿಲಲ್ಲಿ ನಿಂತು, ಒಂದು ಕೋಲಿನಿಂದ ಕೋಟು, ಬೂಟನ್ನು ಪಟಪಟ ಬಡಿದುಕೊಳ್ಳಬೇಕು. ತುಪ್ಪಟದ ಬುಡಕ್ಕೆ ಸಿಕ್ಕಿದ ಹಿಮವೆಲ್ಲ ಉದುರಬೇಕು. ಹಾಗೇ ಒಳಗೆ ಬಂದರೆ ಒಲೆ ಶಾಖಕ್ಕೆ ಹಿಮ ಕರಗಿ ತುಪ್ಪಟ ನೆನೆಯುತ್ತದೆ. ನೆನೆದ ಕೋಟು ಮೈನಸ್ ನಲವತ್ತರಲ್ಲಿ ಕೋಟಲ್ಲ, ಹಲಗೆ. ಚಿಕ್ಕ ಮಗಳಿಗೂ ಮೊದಲು ಕಲಿಸುವ ಪಾಠಗಳಲ್ಲಿ ಇದೊಂದು. ಒಳಗಿನ ಬೂಟು ಒಣಗಿದೆಯಾ ಅಂತ ಮುಟ್ಟಿ ನೋಡುವುದು, ಒಲೆ ಮೇಲೆ ತೂಗುಹಾಕುವುದು, ಹರಿದದ್ದನ್ನು ಆ ರಾತ್ರಿಯೇ ಹೊಲಿಯುವುದು ಅವಳ ಪಾಲು. ಹೊರಗೆ ಹಿಂಡಿನ ಜೊತೆ ರಾತ್ರಿ ಕಳೆಯುವ ಗಂಡನ ಹತ್ತು ಕಾಲ್ಬೆರಳೂ ಅವಳ ಸೂಜಿಯ ಮೇಲೆ ನಿಂತಿವೆ. ಹೀಗೆ ಹೇಳಿದರೆ ಅತಿಯಾಗುವುದಿಲ್ಲ.

ದಾರವೂ ಅಂಗಡಿಯದ್ದಲ್ಲ. ಹಿಮಸಾರಂಗದ ಬೆನ್ನಿನ ಸ್ನಾಯುರಜ್ಜು ಒಣಗಿಸಿ, ಸೀಳಿ, ಹೊಸೆದು ಮಾಡಿದ್ದು. ನೆನೆದಾಗ ಉಬ್ಬಿ ಹೊಲಿಗೆಯ ತೂತನ್ನು ತಾನೇ ಮುಚ್ಚುತ್ತದೆ. ಗಂಡಸಿನ ಅಂಗಿ 'ಮಾಲಿತ್ಸಾ', ಅದರ ತುಪ್ಪಟ ಒಳಮುಖ, ಟೋಪಿ ಕೈಗವಸು ಎಲ್ಲ ಅದಕ್ಕೇ ಸೇರಿಸಿ ಹೊಲಿದಿರುತ್ತಾರೆ. ಹೆಂಗಸಿನ ಕೋಟು 'ಯಾಗುಷ್ಕಾ', ಮುಂದೆ ಬಿಚ್ಚಿಕೊಳ್ಳುವಂಥದ್ದು. ಬೂಟಿಗೆ ಕಾಲಿನ ಚರ್ಮವೇ ಬೇಕು. ಒಂದು ಪ್ರಾಣಿಗೆ ಇರುವುದು ನಾಲ್ಕೇ ಕಾಲು. ಉದ್ದ ಬೂಟಿನ ಒಂದು ಜೊತೆಗೆ ಒಂದೇ ಪ್ರಾಣಿ ಸಾಲುವುದಿಲ್ಲ. ಮುಂದೆ ಲೆಕ್ಕ ಹಾಕುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಮಳೆ

ನವೆಂಬರ್ ಮೊದಲ ವಾರ ಅಂದರೆ ಮನೆಗಳು ದಕ್ಷಿಣದ ದಾರಿಯಲ್ಲಿರುವ ಕಾಲ. ನೆಲದ ಮೇಲೆ ಹಿಮ ಕೂತಾಗಿದೆ. ಎಲ್ಲರೂ ಚಳಿಗಾಲದ ಬಟ್ಟೆಗೆ ಬದಲಾಗಿದ್ದಾರೆ, ಗುಡಾರದ ಮೇಲೆ ಚಳಿಗಾಲದ ಹೊದಿಕೆ ಏರಿದೆ. ಆಗ ಮಳೆ.

ತುಪ್ಪಟದ ಹೊದಿಕೆ ಹಿಮ ತಡೆಯಲು ಮಾಡಿದ್ದು. ಇಡೀ ದಿನದ ಮಳೆಗೆ ಮಾಡಿದ್ದಲ್ಲ. ನೆನೆದು ಭಾರವಾಗುತ್ತದೆ. ಆಮೇಲೆ ಚಳಿ ಬಿಗಿದಾಗ ಹಾಗೇ ಸೆಟೆದುಕೊಳ್ಳುತ್ತದೆ. ಮಡಚಲು ಹೋದರೆ ಬಿರಿಯುತ್ತದೆ. ಗಂಡ, ಹಿಂಡು ಎಲ್ಲ ಆಮೇಲಿನ ಮಾತು. ಮೊದಲ ರಾತ್ರಿ ಅವಳ ಮುಂದಿದ್ದ ಪ್ರಶ್ನೆ ಇದು: ಯಾವುದನ್ನು ಮೊದಲು ಒಣಗಿಸಲಿ, ಎಷ್ಟು ಸೌದೆ ಸುಡಲಿ?

ಹಿಂಡಿಗೆ ಆದದ್ದು ನಿಧಾನವಾಗಿ ಕಂಡಿತು. ಹಿಮಸಾರಂಗದ ಚಳಿಗಾಲದ ಮುಖ್ಯ ಮೇವು ಲೈಕೆನ್. ಪಲಾವಿಗೆ, ಮಸಾಲೆಗೆ ನಾವು ಕಲ್ಲುಹೂವು ಹಾಕುತ್ತೇವಲ್ಲ, ಅದರ ದೂರದ ನೆಂಟ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ, ತುಂಡ್ರಾದ ನೆಲಕ್ಕೆ ಅಂಟಿದ ಬೂದುಬಿಳಿ ಪೊದೆ. ಹಿಮಸಾರಂಗ ಹಿಮದ ಮೇಲಿಂದಲೇ ಅದರ ವಾಸನೆ ಹಿಡಿದು, ಮುಂಗಾಲಿನಿಂದ ಗುಂಡಿ ತೋಡಿ ತಿನ್ನುತ್ತದೆ. ಗೊರಸಿನ ಅಂಚು ಚಳಿಗಾಲದಲ್ಲಿ ಇದಕ್ಕೇ ಅಂತ ಗಟ್ಟಿಯಾಗುತ್ತದೆ. ದೊಡ್ಡ ಗಂಡುಗಳ ಕೊಂಬು ಬೆದೆಗಾಲ ಮುಗಿದ ಮೇಲೆ ಉದುರಿಹೋಗುತ್ತದೆ. ಗಬ್ಬದ ಹೆಣ್ಣುಗಳ ಕೊಂಬು ಮಾತ್ರ ಮರಿ ಹಾಕುವ ತನಕ ಇರುತ್ತದೆ. ತೋಡಿದ ಗುಂಡಿಗೆ ಇನ್ನೊಂದು ಬಂದು ಬಾಯಿ ಹಾಕಿದರೆ ಓಡಿಸಬೇಕಲ್ಲ, ಅದಕ್ಕೆ. ಪ್ರಕೃತಿಯ ಏರ್ಪಾಡು ಚೆನ್ನಾಗೇ ಇದೆ. ಆದರೆ ಅದೆಲ್ಲ ಪುಡಿ ಹಿಮಕ್ಕೆ ಮಾಡಿಕೊಂಡ ಏರ್ಪಾಡು. ಮೇಲೆ ಗಟ್ಟಿ ಗಡ್ಡೆ ಕೂತರೆ ವಾಸನೆಯೂ ಬರುವುದಿಲ್ಲ, ಗೊರಸೂ ಇಳಿಯುವುದಿಲ್ಲ. ಮೇವು ಕಾಲ ಕೆಳಗೇ ಇದೆ. ಬಾಯಿಗೆ ಸಿಗುವುದಿಲ್ಲ.

ಇದು ಹೊಸ ಕಾಯಿಲೆ ಅಲ್ಲ. ಅಜ್ಜ ಅಜ್ಜಿಯರ ಕಾಲದ ಗಡ್ಡೆ ವರ್ಷಗಳ ಕಥೆ ಎಲ್ಲ ಗುಡಾರಗಳಲ್ಲೂ ಇದೆ. 2006ರ ನವೆಂಬರ್‌ನಲ್ಲೂ ಹೀಗೇ ಮಳೆ ಬಂದು ಸುಮಾರು 20,000 ಸತ್ತಿದ್ದವು. ಏಳು ವರ್ಷಕ್ಕೆ ಮತ್ತೆ, ಅದರ ಮೂರು ಪಟ್ಟು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಎರಡೂ ಮಳೆಯನ್ನು ಬ್ಯಾರೆಂಟ್ಸ್ ಮತ್ತು ಕಾರಾ ಸಮುದ್ರಗಳ ಗಡ್ಡೆ ಕಡಿಮೆಯಾದದ್ದಕ್ಕೆ ಜೋಡಿಸಿತು. ನವೆಂಬರ್‌ನಲ್ಲಿ ಮುಚ್ಚಿರಬೇಕಾದ ಸಮುದ್ರ ತೆರೆದೇ ಇದ್ದರೆ ತೇವದ ಬೆಚ್ಚನೆ ಗಾಳಿ ಏಳುತ್ತದೆ. ಅದು ಒಳನಾಡಿಗೆ ಬಂದರೆ ಹಿಮದ ಬದಲು ಮಳೆ. ಆ ಅಧ್ಯಯನ ಬರೆದವರಲ್ಲಿ ರೋಜಾ ಲಾಪ್ತಾಂದೆರ್ ಒಬ್ಬರು. ಸ್ವತಃ ನೆನೆತ್ಸ್ ಹೆಣ್ಣುಮಗಳು, ಭಾಷಾ ವಿದ್ವಾಂಸೆ. ಉಪಗ್ರಹದ ಚಿತ್ರದ ಜೊತೆಗೆ ಗುಡಾರದ ಮಾತನ್ನೂ ಕೂಡಿಸಿದ ಅಧ್ಯಯನ ಅದು. ಹಾಗಾಗಿ ನನಗೆ ಅದರ ಮೇಲೆ ಜಾಸ್ತಿ ನಂಬಿಕೆ.

ಏನು ಮಾಡಬಹುದಿತ್ತು

ಹೊರಗಿನವರು ಕೇಳುವ ಮೊದಲ ಪ್ರಶ್ನೆ: ಹುಲ್ಲು ಹಾಕಬಹುದಿತ್ತಲ್ಲ? ಫಿನ್ಲೆಂಡ್‌ನಲ್ಲಿ ಹಾಕುತ್ತಾರೆ. ಚಳಿಗಾಲಕ್ಕೆ ಒಣಹುಲ್ಲು, ಗುಳಿಗೆ ಮೇವು ಕೊಡುವುದು ಅಲ್ಲಿ ಮಾಮೂಲು. ಆದರೆ ಅಲ್ಲಿ ರಸ್ತೆ ಇದೆ, ಹೊಲ ಇದೆ, ಟ್ರ್ಯಾಕ್ಟರ್ ಇದೆ. ಯಮಾಲ್‌ನ ಬಯಲಲ್ಲಿ ಇದೊಂದೂ ಇಲ್ಲ. ಅಲ್ಲಿನ ದೊಡ್ಡ ರೈಲು ಹಳಿ ಬೊವಾನೆಂಕೊವೊ ಗ್ಯಾಸ್ ಬಾವಿಗಳಿಗಾಗಿ ಹಾಕಿದ್ದು. 2012ರಿಂದ ಅಲ್ಲಿ ಗ್ಯಾಸ್ ತೆಗೆಯುತ್ತಿದ್ದಾರೆ. ಮೇಲಾಗಿ ಲೈಕೆನ್‌ಗೆ ಒಗ್ಗಿದ ಹೊಟ್ಟೆಗೆ, ಅದೂ ಹಸಿದು ಸೋತ ಹೊಟ್ಟೆಗೆ, ಒಮ್ಮೆಲೇ ಹುಲ್ಲು ತುಂಬಿದರೆ ಪ್ರಾಣಿ ಹೊಟ್ಟೆ ತುಂಬಿಕೊಂಡೇ ಸಾಯಬಹುದು.

ಎರಡನೆಯದು, ಬೇಗ ಬೇರೆ ಕಡೆ ಹೋಗುವುದು. ಮಳೆ ಬೀಳದ ನೆಲ ಎಲ್ಲಾದರೂ ಇದ್ದೇ ಇರುತ್ತದೆ. ಅನುಭವಸ್ಥರು ಮೊದಲು ಯೋಚಿಸುವುದೂ ಇದನ್ನೇ. ಆದರೆ ಗಡ್ಡೆ ಬಿದ್ದ ಸೀಮೆ ದೊಡ್ಡದಿತ್ತು. ಎಷ್ಟು ದೂರ, ಯಾವ ದಿಕ್ಕು ಅನ್ನುವುದು ಜೂಜು. ಮೊದಲ ವಾರವೇ ಹೊರಟರೆ ಪ್ರಾಣಿಗಳಿಗೆ ಶಕ್ತಿ ಇರುತ್ತದೆ. ಎರಡು ವಾರ ಕಾದು ನೋಡೋಣ ಅಂದರೆ ಬಂಡಿ ಎಳೆಯುವವೇ ಸೋತಿರುತ್ತವೆ.

ಮೂರನೆಯದು, ಕಡಿದು ಮಾರುವುದು. ಸಾಯುವುದನ್ನು ನೋಡುತ್ತ ಕೂರುವ ಬದಲು ಮಾಂಸವಾದರೂ ದಕ್ಕಲಿ. ಆದರೆ ಕಸಾಯಿಖಾನೆ ಇರುವುದು ಹಳ್ಳಿಯಲ್ಲಿ. ಅಲ್ಲಿಗೆ ಪ್ರಾಣಿ ನಡೆದುಕೊಂಡೇ ಹೋಗಬೇಕು. ಬಡಕಲಾದ ಮೇಲೆ ನಡೆಯುವುದೂ ಇಲ್ಲ, ನಡೆದರೂ ಮಾಂಸ ಇರುವುದಿಲ್ಲ. ಗಾಡಿ ಮೇಲೆ ಹೊತ್ತು ಹಿಂಡಿನ ಹತ್ತಿರವೇ ಒಯ್ಯುವಂಥ ಕಸಾಯಿಖಾನೆ ಬೇಕು ಅನ್ನುವ ಸಲಹೆ ಆ ಚಳಿಗಾಲದ ನಂತರ ಬಂತು. ಒಳ್ಳೆಯ ಸಲಹೆಯೇ. ಅವಳಿಗೆ ಬೇಕಾಗಿದ್ದದ್ದು ಅದಕ್ಕೂ ಮೊದಲು.

ಈ ಮೂರರಲ್ಲೂ ತೀರ್ಮಾನ ಗಂಡಸರದ್ದು ಅಂತ ಕಾಣುತ್ತದೆ. ಹೊರಡಬೇಕಾ ಬೇಡವಾ ಅನ್ನುವುದರಲ್ಲಿ ಹಾಗಲ್ಲ. ನೆನೆದು ಸೆಟೆದ ಹೊದಿಕೆ ಬಿಚ್ಚಿ ಬಂಡಿಗೆ ಹಾಕಲು ಆಗುತ್ತದೋ ಇಲ್ಲವೋ ಅವಳಿಗೆ ಗೊತ್ತು. ಮಗಳ ಬೂಟು ಒಣಗಿದೆಯೋ ಇಲ್ಲವೋ ಅವಳಿಗೆ ಗೊತ್ತು. ಅವಳು ಇವತ್ತು ಆಗಲ್ಲ ಅಂದರೆ ಇವತ್ತು ಆಗಲ್ಲ. ಆ ಒಂದು ವಾರದಲ್ಲಿ ಎಷ್ಟೋ ಗುಡಾರಗಳು ಕದಲದೆ ನಿಂತದ್ದಕ್ಕೆ ಇದೂ ಕಾರಣ ಇರಬೇಕು ಅಂತ ನನ್ನ ಅನುಮಾನ.

ನಿಂತುಹೋದ ಮನೆ

ನಮ್ಮ ಹೆಂಗಸಿನ ಮನೆ ತಡವಾಗಿ ಹೊರಟಿತು. ಡಿಸೆಂಬರ್‌ನ ಕೆಲವೇ ಗಂಟೆಯ ಮಂದ ಬೆಳಕಿನಲ್ಲಿ ಸ್ವಲ್ಪ ಸ್ವಲ್ಪವೇ ದೂರ. ದಾರಿಯಲ್ಲಿ ಮೊದಲು ಸತ್ತವು ಆ ವರ್ಷದ ಮರಿಗಳು. ಆಮೇಲೆ ಬೆದೆಗಾಲದಲ್ಲಿ ಕೊಬ್ಬೆಲ್ಲ ಕಳೆದುಕೊಂಡಿದ್ದ ದೊಡ್ಡ ಗಂಡುಗಳು. ಆಮೇಲೆ ಬಂಡಿಯ ಪ್ರಾಣಿಗಳು.

ಇಲ್ಲಿಂದ ಲೆಕ್ಕ ಬದಲಾಗುತ್ತದೆ. ಸತ್ತದ್ದು ಇನ್ನೂರರಲ್ಲಿ ಎಷ್ಟು ಅನ್ನುವುದಕ್ಕಿಂತ ಯಾವುದು ಸತ್ತಿತು ಅನ್ನುವುದು ಮುಖ್ಯವಾಗುತ್ತದೆ. ಬಂಡಿಗೆ ಕಟ್ಟುವುದು ಬೀಜ ಒಡೆದು, ವರ್ಷಗಟ್ಟಲೆ ಪಳಗಿಸಿದ ಗಂಡುಗಳನ್ನು. ಸಾಲಿನ ಒಂದೊಂದು ಬಂಡಿಗೆ ಎರಡಾದರೂ ಬೇಕು. ಒಂದು ಮನೆ ಹೊರಡಲು ಗಳದ ಬಂಡಿ, ಹೊದಿಕೆಯ ಬಂಡಿ, ಹಲಗೆಯ ಬಂಡಿ, ಒಲೆ ಪಾತ್ರೆಯ ಬಂಡಿ, ಬಟ್ಟೆಯ ಬಂಡಿ, ಊಟದ ಬಂಡಿ, ದೇವರ ಬಂಡಿ, ಮಕ್ಕಳು ಕೂರುವ ಬಂಡಿ. ಬಂಡಿ ಎಳೆಯುವವು ಹತ್ತಕ್ಕೆ ಇಳಿದರೆ ಮನೆ ಹೊರಡುವುದಿಲ್ಲ. ಹಿಂಡಿನಲ್ಲಿ ಇನ್ನೂ ಐವತ್ತು ಉಳಿದಿದ್ದರೂ ಅಷ್ಟೇ. ಪಳಗದ ಹೆಣ್ಣನ್ನು ತಂದು ನೊಗಕ್ಕೆ ಕಟ್ಟಲು ಆಗುವುದಿಲ್ಲ. ಬುರಾನ್ ಸ್ನೋಮೊಬೈಲ್ ಇದೆಯಲ್ಲ ಅಂದರೆ, ಇದೆ. ಪೆಟ್ರೋಲ್ ಮಾಂಸ ಮಾರಿದ ದುಡ್ಡಿನಿಂದ ಬರಬೇಕು. ಮಾಂಸ ಎಲ್ಲಿದೆ?

ಹೀಗೆ ಅಲೆಮಾರಿ ಮನೆ ಬಯಲಿನ ನಡುವೆ ನಿಂತುಹೋಯಿತು. ಆ ವರ್ಷ ಹಿಂಡು ಕಳೆದುಕೊಂಡ ಹಲವು ಖಾಸಗಿ ಮನೆಗಳ ಗತಿ ಇದೇ. ಹಳ್ಳಿಗೆ ಹೋದರೆ ಇರಲು ಮನೆಯಿಲ್ಲ, ಕೆಲಸವಿಲ್ಲ. ಇರುವಲ್ಲೇ ಇದ್ದರೆ ಹತ್ತಿರದ ಸೌದೆ ಖಾಲಿಯಾಗುತ್ತ ಬರುತ್ತದೆ, ದಿನದಿನಕ್ಕೆ ದೂರ ಹೋಗಿ ತರಬೇಕು. ಅಲೆಯುವವರ ಗುಡಾರದ ಸುತ್ತ ಗಲೀಜು ಸೇರುವುದಿಲ್ಲ, ಯಾಕೆಂದರೆ ಅದು ನಿಲ್ಲುವುದೇ ಇಲ್ಲ. ನಿಂತ ಮೇಲೆ ಗಲೀಜೂ ಅವಳ ಕೆಲಸಕ್ಕೆ ಸೇರಿತು.

ಜನವರಿ, ಫೆಬ್ರವರಿ ಹೊತ್ತಿಗೆ ಊಟಕ್ಕೆ ಮೀನು. ಕೆರೆಯ ಗಡ್ಡೆಯಲ್ಲಿ ತೂತು ಕೊರೆದು, ಒಂದರಿಂದ ಇನ್ನೊಂದಕ್ಕೆ ಉದ್ದ ಕೋಲಿನಿಂದ ಹಗ್ಗ ದಾಟಿಸಿ, ಕೆಳಗೆ ಬಲೆ ಬಿಡುವುದು. ರಾತ್ರಿಯೆಲ್ಲ ತೂತು ಮತ್ತೆ ಮುಚ್ಚಿರುತ್ತದೆ, ಬೆಳಿಗ್ಗೆ ಮತ್ತೆ ಒಡೆಯಬೇಕು. ಬಲೆಯಿಂದ ಮೀನು ಬಿಡಿಸಲು ಬರಿಗೈಯೇ ಆಗಬೇಕು, ಕೈಗವಸು ಹಾಕಿಕೊಂಡು ಆಗುವುದಿಲ್ಲ. ಗಂಡ ಒಡೆಯುತ್ತಾನೆ, ಇವಳು ಬಿಡಿಸುತ್ತಾಳೆ. ಹತ್ತು ಮೀನಿಗೊಮ್ಮೆ ಕೈಯನ್ನು ಕೋಟಿನೊಳಗೆ, ಹೊಟ್ಟೆಗೆ ಒತ್ತಿ ಹಿಡಿದು ನಿಲ್ಲುತ್ತಾಳೆ. ಬೆರಳಿಗೆ ಜೀವ ಬಂದ ಮೇಲೆ ಮತ್ತೆ ಬಲೆ. ಒಂದೆರಡು ಮೀನು ಅವ್ಕಾಕ್ಕೆ. ಗಡ್ಡೆ ಕೆರೆದು ಸೋತ ಹಿಂಡಿನಲ್ಲಿ ಅದೊಂದು ಮಾತ್ರ ಬಾಗಿಲಿಗೆ ಬಂದು ಕೇಳಿ ತಿನ್ನುತ್ತಿತ್ತು.

ಪುಸ್ತಕಗಳಲ್ಲಿ ಇದಕ್ಕೆ ಮೀನುಗಾರಿಕೆಗೆ ಹೊರಳಿದರು ಅಂತ ಒಂದು ಸಾಲು ಬರುತ್ತದೆ. ಆ ಸಾಲಿನಲ್ಲಿ ಸೂಜಿ ಕಾಣುವುದಿಲ್ಲ. ಮೀನು ತಿಂದು ಬದುಕಬಹುದು, ಮೀನಿನಿಂದ ಕೋಟು ಹೊಲಿಯಲು ಆಗುವುದಿಲ್ಲ. ಕೋಟಿಗೆ ಬೇಕಾದದ್ದು ಬೇಸಿಗೆ ಕೊನೆಯಲ್ಲಿ ಕಡಿದ ಎಳೆಯ ಮರಿಯ ಚರ್ಮ. ಆಗ ಕೂದಲು ಗಿಡ್ಡ, ದಟ್ಟ, ಮೃದು. ಹಾಸಿಗೆ, ಹೊದಿಕೆಗೆ ಚಳಿಗಾಲದ ದಪ್ಪ ಚರ್ಮ. ಬೂಟಿಗೆ ಕಾಲು. ದಾರಕ್ಕೆ ಬೆನ್ನು. ಮುಂದಿನ ವಸಂತದಲ್ಲಿ ಮರಿ ಹುಟ್ಟುವುದೇ ಕೆಲವು, ಅವನ್ನು ಕಡಿಯುವ ಮಾತೇ ಇಲ್ಲ. ಹಿಂಡು ಮತ್ತೆ ಕಟ್ಟಬೇಕಾದರೆ ಒಂದೊಂದು ಹೆಣ್ಣು ಮರಿಯೂ ಉಳಿಯಬೇಕು. ಹಾಗಾದರೆ ಶಾಲೆಯಿಂದ ಬರುವ, ಒಂದು ವರ್ಷದಲ್ಲಿ ಒಂದು ಗೇಣು ಬೆಳೆದಿರುವ ಮಗನ ಕೋಟು ಎಲ್ಲಿಂದ? ಹಳೆಯ ಕೋಟಿನ ತೋಳಿಗೆ ಅತ್ತೆಯ ಹಾಸಿನ ತುಂಡು ಸೇರಿಸಿ ಉದ್ದ ಮಾಡಿದಳು. ಮೂರು ನಾಲ್ಕು ವರ್ಷ ಹೀಗೇ ನಡೆಯಬೇಕು. 61,000ದ ಪಕ್ಕದಲ್ಲಿ ಈ ತೋಳಿನ ಲೆಕ್ಕವನ್ನು ಎಲ್ಲಿ ಬರೆಯುವುದು?

ಹೋಗಿಬಿಡಬಹುದಿತ್ತಲ್ಲ

ಹಳ್ಳಿಗೆ ಹೋಗಿಬಿಡುವ ದಾರಿ ಇದ್ದೇ ಇತ್ತು. ಹೋದವರೂ ಇದ್ದಾರೆ. ಇಲ್ಲಿ ಸೈಬೀರಿಯಾದ ಇನ್ನೊಂದು ಕಡೆಯ ಕಥೆ ಹೇಳಬೇಕು. ಯಾಕೂತಿಯಾದ ಎವೆನ್ ಜನರೂ ಹಿಮಸಾರಂಗದವರೇ. ಸೋವಿಯತ್ ಆಡಳಿತ ಅಲ್ಲಿ ಮನೆಮಂದಿಯೆಲ್ಲ ಅಲೆಯುವುದು ಹಿಂದುಳಿದ ಪದ್ಧತಿ ಅಂತ ತೀರ್ಮಾನಿಸಿ, ಹೆಂಗಸರು ಮಕ್ಕಳನ್ನು ಹಳ್ಳಿಗೆ ಸೇರಿಸಿತು. ಹಿಂಡಿನ ಜೊತೆ ಬರೀ ಗಂಡಸರ ತಂಡ ಉಳಿಯಿತು. ಹುಡುಗಿಯರು ಹಳ್ಳಿಯಲ್ಲೇ ಓದಿ, ಅಲ್ಲೇ ಕೆಲಸ ಹಿಡಿದರು. ಕಾಡಿನಲ್ಲಿರುವ ಹುಡುಗನಿಗೆ ಹೆಣ್ಣು ಸಿಗುವುದು ಕಷ್ಟವಾಯಿತು. ಹಿಂಡು ಕಾಯುವುದು ಬದುಕು ಅನ್ನಿಸಿಕೊಳ್ಳುವುದು ಹೋಗಿ ಪಾಳಿ ಕೆಲಸವಾಯಿತು.

ಯಮಾಲ್‌ನಲ್ಲಿ ಹೀಗಾಗಲಿಲ್ಲ. ಹೆಂಗಸರು ಗುಡಾರ ಬಿಡಲಿಲ್ಲ, ಅದಕ್ಕೇ ಇವತ್ತಿಗೂ ಅಲ್ಲಿ ಮನೆಗಳೇ ಅಲೆಯುತ್ತವೆ. ಗ್ಯಾಸ್, ರೈಲು, ಮಳೆ ಎಲ್ಲದರ ಬಗ್ಗೆ ಬರೆಯುವವರು ಈ ಸಂಗತಿಯನ್ನು ಬೇಗ ದಾಟಿಹೋಗುತ್ತಾರೆ ಅಂತ ನನಗೆ ಸಿಟ್ಟು. ಹಾಗಂತ ಅವಳು ಸಂಪ್ರದಾಯ ಉಳಿಸಲು ನಿಂತಳು ಅಂತ ಹೂವು ಮುಡಿಸುವುದೂ ಬೇಡ. ಹಳ್ಳಿಯಲ್ಲಿ ಬಾಡಿಗೆ ಕೊಡಲು ದುಡ್ಡಿಲ್ಲ. ಹುಟ್ಟಿದಾಗಿನಿಂದ ಕಲಿತ ಕೆಲಸಕ್ಕೆ ಅಲ್ಲಿ ಬೆಲೆ ಇಲ್ಲ. ನಿಂತದ್ದಕ್ಕೆ ಇವೂ ಕಾರಣವೇ.

ಮುಂದೆ ಬಂದದ್ದೂ ಸುಲಭವಿರಲಿಲ್ಲ. 2016ರ ಬೇಸಿಗೆ ಯಮಾಲ್‌ನಲ್ಲಿ 35 ಡಿಗ್ರಿಯ ಬಿಸಿಲು. ನೆಲದಡಿ ಹೆಪ್ಪುಗಟ್ಟಿದ್ದ ಹಳೆಯ ಆಂಥ್ರಾಕ್ಸ್ ರೋಗಾಣು ಎದ್ದಿತು. ಅಲ್ಲಿ ಅದು ಕೊನೆಯದಾಗಿ ಬಂದದ್ದು 1941ರಲ್ಲಿ. ಹಿಮಸಾರಂಗಗಳಿಗೆ ಹಾಕುತ್ತಿದ್ದ ಲಸಿಕೆಯನ್ನು 2007ರಲ್ಲಿ ನಿಲ್ಲಿಸಿದ್ದರು. 2,300ಕ್ಕೂ ಹೆಚ್ಚು ಪ್ರಾಣಿ ಸತ್ತವು, 12 ವರ್ಷದ ಒಬ್ಬ ಹುಡುಗ ತೀರಿಕೊಂಡ. ಲಸಿಕೆ ಮತ್ತೆ ಶುರುವಾಯಿತು. ಜೊತೆಗೇ, ಪ್ರಾಣಿಗಳು ಜಾಸ್ತಿಯಾಗಿವೆ, ಹಿಂಡು ಕಡಿಮೆ ಮಾಡಬೇಕು ಅನ್ನುವ ಸರ್ಕಾರಿ ಮಾತೂ ಜೋರಾಯಿತು. ಮೇವು ಸವೆದಿದೆ ಅನ್ನುವುದರಲ್ಲಿ ಹುರುಳಿಲ್ಲದಿಲ್ಲ. ಆದರೆ ಎರಡು ವರ್ಷದ ಹಿಂದೆ ಹತ್ತಾರು ಪ್ರಾಣಿಯಿಂದ ಮತ್ತೆ ಎಣಿಸಲು ಶುರುಮಾಡಿದ ಮನೆಗೆ ಆ ಮಾತು ಹೇಗೆ ಕೇಳಿಸಿರಬೇಕು!

2014ರ ವಸಂತ

ಏಪ್ರಿಲ್‌ನಲ್ಲಿ ಹಗಲು ಉದ್ದವಾಯಿತು. ಹಿಂಡಿನಲ್ಲಿ ಉಳಿದದ್ದು ನಲವತ್ತು ಚಿಲ್ಲರೆ. ಗಬ್ಬ ಉಳಿದ ಹೆಣ್ಣುಗಳು ಎಷ್ಟು ಅಂತ ಇನ್ನೂ ಹೇಳಲು ಬರುತ್ತಿರಲಿಲ್ಲ. ಹಸಿದ ಹೆಣ್ಣು ಮರಿ ಹಾಕಿದರೂ ಹಾಲು ಇರುವುದಿಲ್ಲ. ಗಂಡನ ಅಣ್ಣನ ಮನೆಯವರು ಬಂಡಿಗೆ ಕಟ್ಟಲು ಹನ್ನೆರಡು ಪ್ರಾಣಿ ಎರವಲು ಕೊಟ್ಟರು. ಅವರ ಹಿಂಡೇನು ಪೂರ್ತಿ ಉಳಿದಿರಲಿಲ್ಲ. ಆದರೂ ಕೊಟ್ಟರು. ಹೀಗೆ ಕೊಡುವುದು ಅಲ್ಲಿ ರೂಢಿ, ಮುಂದೊಂದು ವರ್ಷ ತಿರುಗಿ ಬರುತ್ತದೆ ಅನ್ನುವ ಲೆಕ್ಕ.

ಪ್ರತಿ ವಸಂತದಲ್ಲಿ ಮಾಡುವ ಒಂದು ಕೆಲಸ ಬಾಕಿ ಇತ್ತು. ಉತ್ತರಕ್ಕೆ ಹೊರಡುವ ಮೊದಲು ಚಳಿಗಾಲದ ಸಾಮಾನು ಬೇರೆ ಮಾಡಬೇಕು. ದಪ್ಪ ಹೊದಿಕೆ, ತುಪ್ಪಟದ ಕೋಟುಗಳು, ದಪ್ಪ ಬೂಟು ಇವನ್ನೆಲ್ಲ ಬಂಡಿಗಳ ಮೇಲೆ ಕಟ್ಟಿ, ಬಯಲಿನಲ್ಲಿ ದಾರಿ ಪಕ್ಕದ ಒಂದು ಎತ್ತರದ ಜಾಗದಲ್ಲಿ ಬಿಟ್ಟು ಹೋಗುತ್ತಾರೆ. ಬೇಸಿಗೆಯೆಲ್ಲ ಅವು ಅಲ್ಲೇ ನಿಂತಿರುತ್ತವೆ. ಕಾವಲಿಲ್ಲ, ಬೀಗವಿಲ್ಲ. ಯಾರೂ ಮುಟ್ಟುವುದಿಲ್ಲ. ಶರತ್ಕಾಲದಲ್ಲಿ ಸಾಲು ಹಿಂದೆ ಬರುವಾಗ ಆ ಬಂಡಿಗಳಿಗೂ ಪ್ರಾಣಿ ಕಟ್ಟಿ ಎಳೆದುಕೊಂಡು ಹೋಗುತ್ತಾರೆ.

ಮಳೆಗೆ ಸೆಟೆದಿದ್ದ ಹೊದಿಕೆಯನ್ನು ಅವಳು ಚಳಿಗಾಲದ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಹದ ಮಾಡಿ, ಬಿರಿದ ಕಡೆ ತೇಪೆ ಹಾಕಿದ್ದಳು. ಅದನ್ನು ಕೊನೆಯದಾಗಿ ಮಡಚಿದಳು. ಎಂದಿನ ಐದು ಬಂಡಿಯ ಬದಲು ಎಲ್ಲವನ್ನೂ ಮೂರಕ್ಕೆ ಒತ್ತೊತ್ತಿ ಕಟ್ಟಿದಳು. ಐದಕ್ಕೆ ಕಟ್ಟಿದರೆ ನವೆಂಬರ್‌ನಲ್ಲಿ ಎಳೆಯಲು ಹತ್ತು ಬೇಕು. ಮೂರಕ್ಕೆ ಆರು ಸಾಕು. ಮಗಳು ಬಂಡಿಯ ಹಿಂದೆ ನಿಂತು, ಕೋಲು ಹಿಡಿದು, ತನ್ನ ಕೋಟಿನ ಅಂಚಿನ ಹಿಮ ಪಟಪಟ ಬಡಿದು ಉದುರಿಸುತ್ತಿದ್ದಳು. ಇವಳು ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿ, ಎರವಲು ತಂದ ಪ್ರಾಣಿಗಳ ಕಡೆ ನಡೆದಳು.